ಬಾಗಿದ ಮೈಯ ಅಳತೆ

"ನಿನ್ನ ಸೊಸೆ ಬೀದೀಲಿ ಹೋಗೋದು ನೋಡಿದ್ರೆ ಬಿದ್ದುಹೋದ ಸೂಜಿ ಹುಡುಕ್ತಾ ಹೋದ ಹಾಗಿರುತ್ತಲ್ಲೇ. ಏನಾಗಿದೆ ಅವಳ ಕತ್ತಿಗೆ?"

ಹೀಗೆಂದವಳು ಪಕ್ಕದ ಮನೆಯ ನರ್ಸಮ್ಮ. ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಕಂಡವರ ನಾಲಿಗೆ, ಕಣ್ಣು, ನಡಿಗೆ ನೋಡಿ ಕಾಯಿಲೆ ಹೇಳುವ ಚಟ ಅವಳನ್ನು ಬಿಟ್ಟಿರಲಿಲ್ಲ. ಮಾತು ನಡೆದದ್ದು ಎರಡು ಮನೆಗಳ ನಡುವಿನ ಮೋಟುಗೋಡೆಯ ಬಳಿ. ಆ ಕಡೆ ನರ್ಸಮ್ಮ ಗೋಡೆಗೆ ಮೊಣಕೈ ಊರಿ ನಿಂತಿದ್ದಳು. ಈ ಕಡೆ ಸೂಜಿಯಮ್ಮ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಬಟಾಣಿ ಬಿಡಿಸುತ್ತಿದ್ದಳು.

"ಅವಳ ಕತ್ತಿಗೆ ಏನೂ ಆಗಿಲ್ಲ. ಅದು ವಿನಯ," ಎಂದಳು ಸೂಜಿಯಮ್ಮ. "ಹನ್ನೊಂದು ವರ್ಷ ಆಯ್ತು ಮನೆಗೆ ಬಂದು. ಒಂದು ದಿನ ನನ್ನೆದುರು ತಲೆ ಎತ್ತಿ ಮಾತಾಡಿದವಳಲ್ಲ."

"ವಿನಯ ಆದ್ರೆ ಬಲಗೈ ಬೆರಳು ಯಾಕೆ ಆಗಾಗ ಝಾಡಿಸ್ತಾಳೆ?"

ಸೂಜಿಯಮ್ಮ ಬುಟ್ಟಿ ಬದಿಗಿಟ್ಟಳು. ಒಲೆ ಮೇಲೆ ನೀರು ಕುದಿಯುತ್ತಿದೆ ಎಂದು ನೆಪ ಹೇಳಿ ಎದ್ದಳು. ಒಲೆ ಹೊತ್ತಿಸಿಯೇ ಇರಲಿಲ್ಲ.

ಸೂಜಿಯಮ್ಮ ಎನ್ನುವುದು ಬೀದಿಯವರು ಇಟ್ಟ ಹೆಸರು. ಹುಳು ತಿಂದ ಕೋಟು, ಬೆಂಕಿಯ ಕಿಡಿ ಹಾರಿ ತೂತಾದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ತೋಳು ಏನೇ ಬರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ನೂಲು ಬಿಡಿಸಿ, ಒಂದು ಎಳೆ ಮೇಲೆ ಒಂದು ಎಳೆ ಕೆಳಗೆ ಎಂದು ಹೆಣೆದು, ತೂತಿದ್ದ ಜಾಗವನ್ನು ಕೋಟಿನ ಒಡೆಯನೇ ತಡಕಾಡಿ ಸೋಲುವಂತೆ ಮಾಡುವ ಕೆಲಸ ಅವಳದು. ರಫೂ ಅನ್ನುತ್ತಾರೆ. ನಲವತ್ತು ವರ್ಷ ಮಾಡಿದಳು. ಕಣ್ಣಿಗೆ ಮಂಜು ಕವಿದ ಮೇಲೆ ಸೂಜಿ ಸೊಸೆಯ ಕೈಗೆ ಹೋಯಿತು. ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಬೈದು ಬೈದು ಕಲಿಸಿದ್ದಳು. ಸೊಸೆಯ ರಫೂ ತನ್ನದಕ್ಕಿಂತ ಒಂದು ಎಳೆ ಹೆಚ್ಚೇ ನಯ ಎಂಬುದು ಸೂಜಿಯಮ್ಮನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳುವ ಹೆಂಗಸಲ್ಲ ಅವಳು.

ಆ ಮನೆಯ ವಿಷಯ ಒಂದಿಷ್ಟು ಹೇಳಬೇಕು. ಸೂಜಿಯಮ್ಮನ ಎತ್ತರ ನಾಲ್ಕಡಿ ಎಂಟಂಗುಲ, ಅದೂ ಜಡೆ ಮೇಲಕ್ಕೆ ಕಟ್ಟಿದರೆ. ಗಂಡ ಬಡಗಿ. ಮದುವೆಯಾದ ಹೊಸತರಲ್ಲಿ ಈ ಪುಟ್ಟ ಹೆಂಡತಿ ಒಲೆಕಟ್ಟೆಯ ಮುಂದೆ ತುದಿಗಾಲಲ್ಲಿ ನಿಂತು ಪಾತ್ರೆಯೊಳಗೆ ಇಣುಕುವುದನ್ನು ಅವನು ಒಂದು ವಾರ ಸುಮ್ಮನೆ ನೋಡಿದ. ಎಂಟನೆಯ ದಿನ ಒಂದು ಕೋಲು ತಂದು, ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮೊಣಕೈಗೆ ಒಂದು ಗೀಟು, ಸೊಂಟಕ್ಕೆ ಒಂದು, ಕೂತಾಗ ಮಂಡಿಗೆ ಒಂದು, ಕೈ ಎತ್ತಿದಾಗ ಬೆರಳ ತುದಿಗೆ ಒಂದು ಗೀಟು ಕೊರೆದ. ಆಮೇಲೆ ವರ್ಷಕ್ಕೆ ಒಂದರಂತೆ ಮನೆಯನ್ನೆಲ್ಲ ಆ ಕೋಲಿಗೆ ಇಳಿಸಿದ. ಒಲೆಕಟ್ಟೆ ಇಳಿಯಿತು, ಪಾತ್ರೆ ತೊಳೆಯುವ ತೊಟ್ಟಿ ಇಳಿಯಿತು, ಬಟ್ಟೆ ಒಣಗಿಸುವ ತಂತಿ, ಅಡುಗೆಮನೆಯ ಬಾಗಿಲು, ಕನ್ನಡಿ ಎಲ್ಲ ಇಳಿದವು. ಕೊನೆಗೆ ರಫೂ ಟೇಬಲ್ಲು. ಬೇರೆ ಗಂಡಂದಿರು ಹೆಂಡತಿಗೆ ಬಳೆ ಮಾಡಿಸಿದರೆ ಇವನು ಮನೆಯನ್ನೇ ಬಳೆಯ ಹಾಗೆ ಅವಳ ಮೈಗೆ ಕೂರಿಸಿದ್ದ. ಬಂದ ನೆಂಟರು ಹಣೆ ಚಚ್ಚಿಕೊಂಡು ನಗುತ್ತಿದ್ದರು. ಸೂಜಿಯಮ್ಮ ಮಾತ್ರ ಆ ಮನೆಯಲ್ಲಿ ರಾಣಿಯ ಹಾಗೆ ನೆಟ್ಟಗೆ ಓಡಾಡಿದಳು.

ಅಂಥ ಮನೆಗೆ ಬಂದವಳು ಐದಡಿ ಎಂಟಂಗುಲದ ಸೊಸೆ. ಬಂದ ದಿನವೇ ಅತ್ತೆ ಅವಳಿಗೆ "ಏಣಿ" ಎಂದು ಹೆಸರಿಟ್ಟಳು. ಮೊದಲ ವಾರ ಏಣಿ ಅಡುಗೆಮನೆ ಬಾಗಿಲಿಗೆ ದಿನಕ್ಕೆ ನಾಲ್ಕು ಸಲ ತಲೆ ಹೊಡೆಸಿಕೊಂಡಳು. ಎರಡನೆಯ ವಾರದಿಂದ ಬಾಗುವುದನ್ನು ಕಲಿತಳು. ಕಲಿತದ್ದನ್ನು ಮರೆಯಲಿಲ್ಲ.

ಆ ಸಂಜೆ, ಪಕ್ಕದವಳ ಮಾತು ಇನ್ನೂ ಕಿವಿಯಲ್ಲಿ ಗುಂಯ್ ಎನ್ನುತ್ತಿರುವಾಗಲೇ, ಟೇಬಲ್ಲಿನ ಎದುರು ಪಾಠ ಬರೆಯುತ್ತಿದ್ದ ಮೊಮ್ಮಗಳು ತಲೆ ಎತ್ತಿ, "ಅಮ್ಮಾ, ಕೋಟಿನ ಮೇಲೆ ಕೆಂಪು," ಎಂದಳು. ಬೂದುಬಣ್ಣದ ಉಣ್ಣೆ ಕೋಟಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತ. ಸೂಜಿಯಮ್ಮ ಓಡಿಬಂದಳು. ಕಂಡವರ ಕೋಟಿಗೆ ರಕ್ತ ತಾಗಿಸುವುದೆಂದರೆ ಈ ಕಸುಬಿನಲ್ಲಿ ಅಡುಗೆಯವನು ಅನ್ನ ಸೀಯಿಸಿದ ಹಾಗೆ. ನಲವತ್ತು ವರ್ಷದಲ್ಲಿ ಒಂದು ಹನಿ ಬೀಳಿಸಿದವಳಲ್ಲ ತಾನು ಎಂದು ಶುರು ಮಾಡಿ, ಮನಸ್ಸು ಎಲ್ಲಿಟ್ಟುಕೊಂಡಿದ್ದೀಯ ಎಂಬಲ್ಲಿಗೆ ಬರುವಷ್ಟರಲ್ಲಿ ಸೊಸೆ ಮೆಲ್ಲಗೆ ಹೇಳಿದಳು:

"ಚುಚ್ಚಿದ್ದು ಗೊತ್ತೇ ಆಗ್ಲಿಲ್ಲ ಅತ್ತೆ."

"ಗೊತ್ತಾಗ್ಲಿಲ್ಲ ಅಂದ್ರೆ?"

"ಹೆಬ್ಬೆರಳು, ತೋರುಬೆರಳು ಎರಡೂ ಜೋಮು ಹಿಡಿದ ಹಾಗಿರುತ್ತೆ. ಒಂದು ತಿಂಗಳಾಯ್ತು. ಕತ್ತಿನಿಂದ ಒಂದು ಸೆಳಕು ಇಳಿಯುತ್ತೆ, ಆಮೇಲೆ ಸೂಜಿ ಕೈಯಲ್ಲಿದೆಯೋ ಇಲ್ವೋ ಅಂತ ನೋಡಿಯೇ ತಿಳ್ಕೋಬೇಕು."

ಸೂಜಿಯಮ್ಮನ ಬೈಗುಳ ಅಲ್ಲೇ ನಿಂತಿತು. ಅವರವರ ರಕ್ತಕ್ಕೆ ಅವರವರ ಎಂಜಲೇ ಮದ್ದು ಎಂಬುದು ಸೂಜಿ ಹಿಡಿದವರಿಗೆಲ್ಲ ಗೊತ್ತು. ಸೊಸೆಯ ಬಾಯಿಯಲ್ಲಿ ಒಂದು ತುಂಡು ಬಿಳಿ ನೂಲು ಒದ್ದೆ ಮಾಡಿಸಿ, ಕೋಟಿನ ಕಲೆಯ ಮೇಲೆ ತಾನೇ ತಿಕ್ಕಿ ತೆಗೆದಳು. ಕಲೆ ಹೋಯಿತು. ಭಯ ಹೋಗಲಿಲ್ಲ. ಬೆರಳಿಗೆ ಸ್ಪರ್ಶ ಇಲ್ಲದ ರಫೂದವಳು ಎಂದರೆ ಕಿವಿ ಇಲ್ಲದ ಹಾಡುಗಾರ. ಊರಲ್ಲಿ ಈ ಕೆಲಸ ಬಲ್ಲವರು ಈಗ ಇವಳೊಬ್ಬಳೇ. ಇವಳ ಕೈ ಹೋದರೆ ಕಸುಬೇ ಹೋದ ಹಾಗೆ.

ಆ ವಾರ ಮನೆಯವರೆಲ್ಲ ವೈದ್ಯರಾದರು. ಸೂಜಿಯಮ್ಮ ದಿಂಬಿನ ತಪ್ಪು ಎಂದು ಹೇಳಿ ಅದರ ಹೊಲಿಗೆ ಬಿಚ್ಚಿ, ಅರ್ಧ ಹತ್ತಿ ಕಿತ್ತು, ತಿರುಗಿ ಹೊಲಿದಳು. ಮಗ, ಅವನು ಬಸ್ ಡ್ರೈವರ್, ಡಿಪೋದಲ್ಲಿ ಎಲ್ಲರೂ ಹಚ್ಚುವ ಮುಲಾಮು ತಂದು ತಿಕ್ಕಿದ; ಮನೆಯೆಲ್ಲ ಕರ್ಪೂರದ ವಾಸನೆ ಹೊಡೆಯಿತು, ನೋವು ಹಾಗೇ ಇತ್ತು. ಮೊಮ್ಮಗಳು ತನ್ನ ಶಾಲೆಯ ಡ್ರಿಲ್ ಮಾಸ್ತರರ ಹಾಗೆ ಸೀಟಿ ಊದಿ ಕೈಕಾಲು ಆಡಿಸಲು ಹೇಳಿದಳು. ಬಡಗಿ ಉಳಿ ಮಸೆಯುತ್ತ ಕೂತ. ಅವನು ಮೊದಲಿನಿಂದಲೂ ಮಾತಿಗೆ ಬಡವ.

ಕೊನೆಗೆ ಮಗ ಒಂದು ದಿನ ರಜೆ ಹಾಕಿ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಸಂಜೆ ಊಟಕ್ಕೆ ಕೂತಾಗ ಅಲ್ಲಿ ನಡೆದದ್ದನ್ನೆಲ್ಲ ಹೇಳಿದ. ದೊಡ್ಡ ಡಾಕ್ಟರು ಕತ್ತಿನ ಚಿತ್ರ ನೋಡಿ ವ್ಯಾಯಾಮದ ಕೋಣೆಗೆ ಕಳಿಸಿದರಂತೆ. ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವಳು ಚಿತ್ರವನ್ನು ಬದಿಗಿಟ್ಟು ಪ್ರಶ್ನೆ ಕೇಳುತ್ತಲೇ ಹೋದಳಂತೆ. ಒಂದೇ ಭಂಗಿಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ನೀರು ಹೊರುತ್ತೀರಾ, ಪಾತ್ರೆ ಎಲ್ಲಿ ತೊಳೆಯುತ್ತೀರಿ, ಟೇಬಲ್ಲು ಎಷ್ಟು ಎತ್ತರ. ಆಮೇಲೆ ನೀರು ತುಂಬಿದ ಒಂದು ಡಬ್ಬಿ ಕೊಟ್ಟು ಎದೆಗೆ ಒತ್ತಿ ಹಿಡಿಯಲು ಹೇಳಿದಳು. ಆಮೇಲೆ ಅದನ್ನೇ ಕೈ ಚಾಚಿ ಹಿಡಿಯಲು ಹೇಳಿದಳು. ಡಬ್ಬಿ ಅದೇ, ನೀರು ಅಷ್ಟೇ, ಆದರೆ ಕೈ ನಡುಗಿತು. ತಲೆಯೂ ಹಾಗೇ, ಮುಂದಕ್ಕೆ ಬಾಗಿದಷ್ಟೂ ಕತ್ತಿಗೆ ಹೆಚ್ಚು ಭಾರ ಎಂದಳು.

"ಆರು ವಾರ ಸಮಯ ಕೊಟ್ಟಿದ್ದಾರೆ," ಎಂದ ಮಗ. "ಅಷ್ಟರಲ್ಲಿ ಬೆರಳು ಸರಿಹೋಗದಿದ್ರೆ ಸೂಜಿ ಕೆಳಗಿಡಬೇಕಂತೆ. ಪೂರ್ತಿ."

"ಔಷಧಿ ಏನು ಕೊಟ್ರು?"

"ಔಷಧಿ ಕಡಿಮೆ. ಟೇಬಲ್ಲು ಗಿಡ್ಡ ಆಯ್ತು ಅಂದ್ರು."

ಬಡಗಿಯ ಕೈ ತಟ್ಟೆಯಲ್ಲೇ ನಿಂತಿತು. ಸೂಜಿಯಮ್ಮ ನೀರಿನ ಲೋಟ ಠಣ್ ಎಂದು ಕೆಳಗಿಟ್ಟಳು.

"ಕುಣಿಯಲಾರದವಳಿಗೆ ನೆಲ ಡೊಂಕು ಅಂದ ಹಾಗಾಯ್ತು. ಅದೇ ಟೇಬಲ್ಲಲ್ಲಿ ನಾನು ನಲವತ್ತು ವರ್ಷ ಕೂತಿದ್ದೀನಿ. ನನ್ನ ಕತ್ತು ನೋಡು, ಕಂಬದ ಹಾಗಿದೆ."

"ಅದು ನಿನ್ನ ಟೇಬಲ್ಲು ಅಮ್ಮ."

"ಮನೇದು."

"ನಮ್ಮ ಡಿಪೋದಲ್ಲಿ ಒಂದೇ ಬಸ್ಸನ್ನ ಮೂರು ಜನ ಓಡಿಸ್ತೀವಿ. ಹತ್ತಿದ ಕೂಡ್ಲೇ ಮೊದ್ಲು ಏನು ಮಾಡ್ತೀವಿ ಹೇಳು? ಸೀಟಿನ ಹಿಡಿ ಎಳೆದು ನಮ್ಮ ಕಾಲಿಗೆ ಸರಿಮಾಡ್ಕೋತೀವಿ. ಹಿಂದಿನವನು ಗಿಡ್ಡ ಅಂತ ನಾನು ಮಂಡಿ ಮಡಚ್ಕೊಂಡು ಓಡಿಸ್ಲಾ?"

"ಮನೆ ಬಸ್ಸಲ್ಲಪ್ಪ."

"ಅಲ್ಲ, ಒಪ್ಪಿದೆ. ಬಸ್ಸಿಂದ ನಾನು ಎಂಟು ಗಂಟೆ ಆದ್ಮೇಲೆ ಇಳೀತೀನಿ. ಇವಳು ಇಳಿಯೋದು ಯಾವಾಗ?"

ಸೊಸೆ ಗಂಡನ ಕಡೆ ಒಮ್ಮೆ ನೋಡಿ, ಸಾಕು ಎಂಬಂತೆ ಕಣ್ಣಲ್ಲೇ ತಡೆದಳು. ಬಡಗಿ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಕೈ ತೊಳೆದು ಹೊರಗಿನ ಜಗಲಿಗೆ ಹೋದ. ಆಮೇಲೆ ಯಾರಿಗೂ ಊಟ ಸೇರಲಿಲ್ಲ.

ಸೂಜಿಯಮ್ಮ ಹಟದ ಹೆಂಗಸು, ಆದರೆ ಕುರುಡಿ ಅಲ್ಲ. ದೂರದ್ದು ಅವಳಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಸೊಪ್ಪು ಸೋಸುವ ನೆಪದಲ್ಲಿ ನಡುಮನೆಯ ಮೂಲೆಯಲ್ಲಿ ಕೂತಳು. ಸೊಸೆ ಸುಳ್ಳಿ ಎಂದು ತೋರಿಸಿಕೊಡಬೇಕು ಎನ್ನುವುದೇ ಅವಳ ಆಸೆಯಾಗಿತ್ತು. ಒಂದು ಸಲ ಬಾಗಿದರೆ ಒಂದು ಕಡ್ಡಿ ಎಂದು ಸೊಪ್ಪಿನ ಕಡ್ಡಿಯನ್ನು ಬದಿಗೆ ಇಡುತ್ತ ಬಂದಳು.

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಬಾಗಿದಳು. ಒಲೆಯ ಮೇಲೆ ಬಾಗಿದಳು, ಹಾಲು ಉಕ್ಕುವ ತನಕ ಹಾಗೇ ಬಾಗಿದ್ದಳು. ತೊಟ್ಟಿಯ ಮೇಲಂತೂ ಬಿಲ್ಲಿನ ಹಾಗೆ. ಕನ್ನಡಿಯಲ್ಲಿ ತಲೆ ಬಾಚಲು ಮಂಡಿ ಮಡಚಿದಳು. ಒದ್ದೆ ಬಟ್ಟೆ ಹರವಿ, ತಂತಿಯ ಕೆಳಗೆ ನುಸುಳಿ ಈ ಕಡೆ ಬಂದಳು, ಮತ್ತೆ ನುಸುಳಿ ಆ ಕಡೆ ಹೋದಳು. ಇಷ್ಟೆಲ್ಲ ಆಗಿ ಹತ್ತು ಗಂಟೆಗೆ ರಫೂ ಟೇಬಲ್ಲಿಗೆ ಕೂತಳು. ಅಲ್ಲಿ ಅವಳ ಬೆನ್ನು ಎಂಥ ಗೂನಾಯಿತೆಂದರೆ ಹಿಂದಿನಿಂದ ನೋಡಿದರೆ ತಲೆಯೇ ಕಾಣುತ್ತಿರಲಿಲ್ಲ, ಕುಪ್ಪಸದ ಕೊರಳಪಟ್ಟಿಯ ಮೇಲೆ ಉಬ್ಬಿದ ಒಂದು ಎಲುಬು ಮಾತ್ರ ಕಾಣುತ್ತಿತ್ತು. ಮಧ್ಯಾಹ್ನದ ತನಕ ಒಮ್ಮೆಯೂ ಏಳಲಿಲ್ಲ. ಕಿಟಕಿ ಬೆನ್ನ ಹಿಂದೆ. ಅವಳ ನೆರಳು ಅವಳ ಕೆಲಸದ ಮೇಲೆಯೇ ಬೀಳುತ್ತಿತ್ತು, ಅದನ್ನು ತಪ್ಪಿಸಲು ಮುಖ ಇನ್ನೂ ಕೆಳಗೆ.

ಸೊಪ್ಪಿನ ಕಡ್ಡಿ ಮುಗಿದುಹೋಯಿತು. ಬಾಗುವುದು ಮುಗಿದಿರಲಿಲ್ಲ.

ಸೂಜಿಯಮ್ಮ ಆ ಕಡ್ಡಿಯ ರಾಶಿಯನ್ನು ನೋಡುತ್ತ ಕೂತಳು. ಇದನ್ನೇ ತಾನು ಹನ್ನೊಂದು ವರ್ಷ ಬೀದಿಯವರಿಗೆಲ್ಲ ವಿನಯ ಎಂದು ಹೇಳಿಕೊಂಡು ಬಂದದ್ದು. ಇಷ್ಟರ ನಡುವೆ ಈ ಹುಡುಗಿ ಒಂದು ದಿನ ಗೊಣಗಿದವಳಲ್ಲ. ಊರಿನ ಒಳ್ಳೊಳ್ಳೆ ಕೋಟುಗಳೆಲ್ಲ ಈ ಗೂನುಬೆನ್ನಿನ ಕೆಳಗಿಂದಲೇ ಹೊಸತಾಗಿ ಎದ್ದು ಹೋಗಿದ್ದವು. ಗಟ್ಟಿಗಿತ್ತಿ, ಅಂದುಕೊಂಡಳು ಮನಸ್ಸಿನಲ್ಲೇ. ಕಡ್ಡಿಗಳನ್ನು ಬಾಚಿ ಹೊರಗೆ ಎಸೆದು ಬಂದಳು.

ಬಡಗಿಯೂ ತನ್ನ ಲೆಕ್ಕದಲ್ಲಿ ಸುಮ್ಮನಿರಲಿಲ್ಲ. ಎರಡು ದಿನ ಬಿಟ್ಟು, ಸೊಸೆ ಕೆಲಸಕ್ಕೆ ಕೂತಿದ್ದಾಗ ಕೋಲು ಹಿಡಿದು ಬಂದ. "ಏಳಬೇಡ ತಾಯಿ, ಹಾಗೇ ಕೂತಿರು," ಎಂದು ಹೇಳಿ ನೆಲದಿಂದ ಅವಳ ಮೊಣಕೈಗೆ, ಮೊಣಕೈಯಿಂದ ಕಣ್ಣಿಗೆ ಅಳತೆ ತೆಗೆದ. ಟೇಬಲ್ಲಿನ ನಾಲ್ಕು ಕಾಲಿಗೂ ಎರಡೆರಡು ಅಂಗುಲದ ಮರದ ಪಾದ ಜೋಡಿಸಿದ. ಜೋಡಣೆ ಎಷ್ಟು ನಯವೆಂದರೆ ಮೊಮ್ಮಗಳು ಉಗುರು ಆಡಿಸಿ ಸಂದು ಹುಡುಕಿ ಸೋತಳು. ರಫೂ ಮಾಡುವ ಮನೆಯ ಬಡಗಿಯೂ ರಫೂವೇ ಮಾಡುತ್ತಾನೆ ಎಂದು ಮಗ ನಕ್ಕ. ಎಲ್ಲರೂ ನಕ್ಕರು. ಕೆಲಸ ಮುಗಿಯಿತು ಎಂದುಕೊಂಡರು.

ಎರಡು ವಾರವಾಯಿತು. ನೋವು ಕೂದಲೆಳೆಯಷ್ಟೂ ಅಲುಗಲಿಲ್ಲ. ಬೆರಳಿನ ಜೋಮು ಅಂಗೈಗೂ ಹಬ್ಬಿತು.

ಈಗ ಕೆಟ್ಟು ಕೂತವನು ಬಡಗಿ. ಅರವತ್ತು ವರ್ಷದ ಕಸುಬಿನಲ್ಲಿ ಅವನ ಅಳತೆ ತಪ್ಪಿದ್ದಿಲ್ಲ. ಅವನು ಮಾಡಿದ ಬಾಗಿಲು ಯಾವ ಹವೆಯಲ್ಲೂ ಬಿಗಿಯುತ್ತಿರಲಿಲ್ಲ, ಕುರ್ಚಿ ಕಿರುಗುಟ್ಟುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ, ನನ್ನ ಮನೆ ಸೊಸೆಗೇ ನನ್ನ ಕೈ ಸಾಲಲಿಲ್ಲ ಎಂದು ಹೆಂಡತಿಯ ಬಳಿ ಹೇಳಿಕೊಂಡ. ಉಳಿ, ರಂದ ಎಲ್ಲ ಒರೆಸಿ ಎಣ್ಣೆ ಹಚ್ಚಿ ಪೆಟ್ಟಿಗೆಗೆ ಹಾಕಿದ. ಡಾಕ್ಟರಮ್ಮ ಕೊಟ್ಟ ಆರು ವಾರದಲ್ಲಿ ಮೂರು ಆಗಲೇ ಕಳೆದಿತ್ತು.

ಸೊಸೆಗೆ ನಾಲ್ಕು ದಿನ ಸೂಜಿ ಮುಟ್ಟಬೇಡ ಎಂದು ಗಂಡ ಕಟ್ಟಪ್ಪಣೆ ಮಾಡಿದ್ದ. ಕೋಟಿನ ಅಂಗಡಿಯವನು ಕಳಿಸಿದ ಗಂಟು ಮೂಲೆಯಲ್ಲಿ ಬಿದ್ದಿತ್ತು. ಒಂದಾದರೂ ಆಗಲಿ ಎಂದು ಸೂಜಿಯಮ್ಮ ತಾನೇ ಒಂದು ಕಪ್ಪು ಕೋಟು ಎತ್ತಿಕೊಂಡಳು. ಯಾರದೋ ಬೆವರಿಗೂ ಮಳೆಗೂ ಸಿಕ್ಕಿ, ಮೊಣಕೈಯ ಹತ್ತಿರ ಹರಿದು ಮುದುಡಿಹೋಗಿದ್ದ ಕೋಟು. ದಪ್ಪ ಕನ್ನಡಕ ಹಾಕಿಕೊಂಡು ಕೂತಳು. ಕಣ್ಣು ಸಾಲಲಿಲ್ಲ, ಆದರೂ ಬಿಡದೆ ಹತ್ತಿಪ್ಪತ್ತು ಎಳೆ ಹಾಕಿದಳು. ಹಾಕಿದ ಮೇಲೆ ಬಟ್ಟೆ ಎಳೆದು ನೋಡಿದರೆ ರಫೂ ಕುಗ್ಗಿ ನಿಂತಿತ್ತು, ಸುತ್ತ ಸುಕ್ಕು.

ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು, "ಅಜ್ಜಿ, ಅಮ್ಮ ಮೊದ್ಲು ಒದ್ದೆಬಟ್ಟೆ ಹಾಕಿ ಇಸ್ತ್ರಿ ಮಾಡ್ತಾಳೆ," ಎಂದಳು.

"ನಿಮ್ಮಮ್ಮಂಗೆ ಅದನ್ನ ಕಲಿಸಿದ್ದು ಯಾರು?" ಎಂದು ಗದರಿದಳು ಸೂಜಿಯಮ್ಮ. ಗದರಿದವಳು ಹಾಗೇ ಬಾಯಿ ತೆರೆದುಕೊಂಡು ಕೂತಳು. ಆಮೇಲೆ ಕೋಟನ್ನು ಕೈಯಲ್ಲಿ ಹಿಡಿದುಕೊಂಡೇ ಜಗಲಿಗೆ ನಡೆದಳು.

"ಇಲ್ಲಿ ನೋಡಿ," ಎಂದಳು ಗಂಡನಿಗೆ. "ಈ ತೂತು ಎಷ್ಟಗಲ?"

"ಎರಡು ಬೆರಳು."

"ಅಲ್ಲ. ಬಟ್ಟೆ ಮುದುಡಿಕೊಂಡಿದೆ, ಅದಕ್ಕೆ ಎರಡು ಬೆರಳು ಕಾಣುತ್ತೆ. ಒದ್ದೆ ಮಾಡಿ ಇಸ್ತ್ರಿ ತಿಕ್ಕಿ ಹರವಿದ್ರೆ ಮೂರೂವರೆ. ಮುದುಡಿದ ಬಟ್ಟೆಗೆ ಯಾವತ್ತೂ ಅಳತೆ ತಗೋಬಾರದು, ಇದು ನಮ್ಮ ಮೊದಲ ಪಾಠ. ನೀವು ಅವಳ ಅಳತೆ ಯಾವಾಗ ತಗೊಂಡ್ರಿ?"

"ಕೆಲಸ ಮಾಡ್ತಾ ಕೂತಿದ್ಲಲ್ಲ, ಆಗ."

"ಹನ್ನೊಂದು ವರ್ಷದ ಗೂನಿಗೆ ಅಳತೆ ತಗೊಂಡ್ರಿ. ಗೂನಿಗೆ ಸರಿಯಾಗಿ ಟೇಬಲ್ಲು ಮಾಡಿದ್ರಿ. ನನ್ನನ್ನ ಮಾತ್ರ ಗೋಡೆಗೆ ನಿಲ್ಲಿಸಿ ನೆಟ್ಟಗೆ ಅಳೆದಿದ್ರಿ, ಮರೆತ್ರಾ?"

ಬಡಗಿ ಕೋಟಿನ ತೂತಿನೊಳಗೆ ತನ್ನ ಎರಡು ಬೆರಳು ಇಟ್ಟು ಬಟ್ಟೆ ಅಗಲಿಸಿ ನೋಡಿದ. "ಅಳತೆ ತಪ್ಪಿರಲಿಲ್ಲ ಹಾಗಾದ್ರೆ," ಎಂದ.

"ಅಳತೆ ಸರಿ. ಅಳೆದದ್ದು ತಪ್ಪು. ಮೊದ್ಲು ಅವಳನ್ನ ಇಸ್ತ್ರಿ ಮಾಡ್ಬೇಕು."

ಇಸ್ತ್ರಿಯ ಕೆಲಸವನ್ನು ಸೂಜಿಯಮ್ಮ ತಾನೇ ವಹಿಸಿಕೊಂಡಳು. ಡಾಕ್ಟರಮ್ಮ ಹೇಳಿದ ವ್ಯಾಯಾಮಗಳು ಕಾಗದದ ಮೇಲೆ ಇದ್ದವು. ಮನೆಗೆಲಸದ ನಡುವೆ ಸೊಸೆ ಅವನ್ನು ಮಾಡಿದ್ದು ಅಷ್ಟಕ್ಕಷ್ಟೆ. ಈಗ ತಪ್ಪಿಸಿಕೊಳ್ಳುವ ದಾರಿ ಮುಚ್ಚಿತು. ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಬೆನ್ನು; ಹಿಮ್ಮಡಿ, ಬೆನ್ನು, ತಲೆಯ ಹಿಂಭಾಗ ಮೂರೂ ತಾಗಬೇಕು. ಮೊದಲ ದಿನ ತಲೆಗೂ ಗೋಡೆಗೂ ನಡುವೆ ಸೂಜಿಯಮ್ಮನ ಇಡೀ ಮುಷ್ಟಿ ಹೋಯಿತು. ಗಲ್ಲವನ್ನು ಒಳಗೆ ಎಳೆದುಕೊಂಡು ಹತ್ತು ಎಣಿಸಬೇಕು. ಹಾಗೆ ಎಳೆದಾಗ ಸೊಸೆಗೆ ಎರಡು ಗಲ್ಲ ಮೂಡುತ್ತಿತ್ತು, ಮೊಮ್ಮಗಳು ಬಿದ್ದು ಬಿದ್ದು ನಗುತ್ತಿದ್ದಳು, ಸೊಸೆಗೂ ನಗು ಬಂದು ಎಣಿಕೆ ತಪ್ಪುತ್ತಿತ್ತು, ಅತ್ತೆ ಮತ್ತೆ ಒಂದರಿಂದ ಶುರು ಮಾಡಿಸುತ್ತಿದ್ದಳು. ಎರಡು ವರ್ಷ ರಫೂ ಕಲಿಸಿದಾಗ ಇದ್ದ ಅದೇ ಕೊರಳು, ಅದೇ ಬೈಗುಳ. ಸೊಸೆ ಒಂದು ದಿನ ಗಂಡನ ಬಳಿ, ನಿಮ್ಮಮ್ಮನಿಗೆ ಹತ್ತು ವರ್ಷ ಕಡಿಮೆಯಾದ ಹಾಗಿದೆ ಎಂದಳಂತೆ.

ಪಕ್ಕದ ನರ್ಸಮ್ಮ ಗೋಡೆಯಾಚೆಯಿಂದ ನೋಡಿ ಎರಡು ಮಾತು ತಿದ್ದಿದಳು. ಭುಜ ಕಿವಿಗೆ ಅಂಟಿಕೊಂಡಿದೆ, ಇಳಿಸು ಎಂದಳು. ಎಷ್ಟೇ ಒಳ್ಳೆ ಭಂಗಿಯಾದರೂ ಕಲ್ಲಿನ ಹಾಗೆ ಕೂತರೆ ಕೆಟ್ಟದ್ದೇ, ಅರ್ಧ ಗಂಟೆಗೊಮ್ಮೆ ಎಬ್ಬಿಸು ಎಂದಳು. ಅಲ್ಲಿಂದ ಸೂಜಿಯಮ್ಮ ಅರ್ಧ ಗಂಟೆಗೊಮ್ಮೆ ತಟ್ಟೆ ಬಡಿಯತೊಡಗಿದಳು. ತಟ್ಟೆಯ ಸದ್ದಿಗೆ ಸೊಸೆ ಎದ್ದು ಬಾಗಿಲ ತನಕ ನಡೆದು ಬರಬೇಕು. ಬೀದಿಯವರು ಅದನ್ನೇ ಗಡಿಯಾರ ಮಾಡಿಕೊಂಡರು.

ಹನ್ನೆರಡು ದಿನಕ್ಕೆ ಗೋಡೆಗೂ ತಲೆಗೂ ನಡುವೆ ಎರಡು ಬೆರಳು ಮಾತ್ರ ಹೋಗುವಂತಾಯಿತು. ಆಗ ಬಡಗಿ ಪೆಟ್ಟಿಗೆ ತೆರೆದ. ಹೊಸ ಕೋಲು ತಂದ; ಹಳೆಯದರ ಮೇಲೆ ಬೇರೆಯವರ ಗೀಟು ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಸೊಸೆ ನೆಟ್ಟಗೆ ಕೂತಳು. ಹಿಂದಿನ ಅಳತೆಗಿಂತ ಮೊಣಕೈ ಮೂರಂಗುಲ ಮೇಲೆ, ಕಣ್ಣು ಸುಮಾರು ಐದಂಗುಲ ಮೇಲೆ. ಬಡಗಿ ಎರಡು ಸಲ ಅಳೆದ. "ಇಷ್ಟು ಹೆಣ್ಣು ಎಲ್ಲಿ ಅಡಗಿತ್ತಮ್ಮ ಇಷ್ಟು ದಿನ?" ಎಂದ. ಅವನು ಆಡಿದ ಅಪರೂಪದ ತಮಾಷೆ ಅದು.

ಟೇಬಲ್ಲು ಎದ್ದಿತು, ಕಿಟಕಿಯ ಪಕ್ಕಕ್ಕೆ ಹೋಯಿತು. ಮುಖ ಬಟ್ಟೆಯ ಹತ್ತಿರ ಹೋಗಬಾರದು, ಬಟ್ಟೆ ಮುಖದ ಹತ್ತಿರ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದಳು. ಅದಕ್ಕೆ ಬಡಗಿ ಮೇಲೊಂದು ಓರೆ ಹಲಗೆ ಕೂರಿಸಿದ, ಕೋಟು ಪುಸ್ತಕದ ಹಾಗೆ ಎದುರಿಗೆ ನಿಲ್ಲುವಂತೆ. ಬಾಗಿಲ ಮೇಲಿನ ಪಟ್ಟಿ ಕಿತ್ತು ಎತ್ತರಿಸಿದ. ತಂತಿ, ತೊಟ್ಟಿ, ಕನ್ನಡಿ ಮೇಲೇರಿದವು. ಸೂಜಿಯಮ್ಮ ಎಲ್ಲವನ್ನೂ ನೋಡುತ್ತ ನಿಂತಿದ್ದಳು. ಬಡಗಿ ಉಳಿ ಒರೆಸಿ ಇಡಲು ಹೋದಾಗ ಹೇಳಿದಳು:

"ಒಲೆಕಟ್ಟೆ ಉಳೀತಲ್ಲ."

"ಅದು ನಿಂದು," ಎಂದ ಬಡಗಿ.

"ನಾನು ದಿನಕ್ಕೆ ಒಂದು ಸಲ ನಿಲ್ತೀನಿ, ಅದೂ ಚಹಾಕ್ಕೆ. ಅವಳು ಮೂರು ಹೊತ್ತು ನಿಲ್ತಾಳೆ. ಎತ್ತಿ."

ಸೊಸೆ ಟೇಬಲ್ಲಿನಿಂದ ಎದ್ದು ಬಂದಳು. "ಬೇಡ ಅತ್ತೆ. ಅದು ಮಾವ ನಿಮಗೆ ಮಾಡಿದ್ದು. ಅದನ್ನ ಮುಟ್ಟೋದು ಬೇಡ."

"ನೋಡಿದ್ರಾ, ಕತ್ತು ನೆಟ್ಟಗಾದ ಕೂಡ್ಲೇ ಎದುರು ಮಾತು," ಎಂದಳು ಸೂಜಿಯಮ್ಮ.

"ಎದುರು ಮಾತೇ ಅಂದ್ಕೊಳ್ಳಿ. ನಿಮ್ಮನ್ನ ಮತ್ತೆ ತುದಿಗಾಲಲ್ಲಿ ನಿಲ್ಲಿಸಿ ನಾನು ನೆಟ್ಟಗೆ ನಿಲ್ಲಲ್ಲ."

ಸೂಜಿಯಮ್ಮ ಒಂದು ಗಳಿಗೆ ಮೇಲೆ ನೋಡಿದಳು. ಸೊಸೆಯ ಮುಖ ಅಷ್ಟು ಎತ್ತರದಲ್ಲಿರುತ್ತದೆ ಎಂಬುದು ಹನ್ನೊಂದು ವರ್ಷದಲ್ಲಿ ಅವಳಿಗೆ ತಿಳಿದೇ ಇರಲಿಲ್ಲ. ಒಳ್ಳೆಯ ಮುಖ, ಅಗಲ ಹಣೆ. ಆ ಒಲೆಕಟ್ಟೆ ಅವಳ ಗಂಡ ಅವಳಿಗೆ ಕೊಟ್ಟ ಮೊದಲ ಉಡುಗೊರೆ. ಅದರ ಅಂಚು ಅವಳ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು.

"ನಾನು ಈ ಮನೇಲಿ ನಲವತ್ತು ವರ್ಷ ನೆಟ್ಟಗೆ ನಿಂತೆ," ಎಂದಳು. "ಅದು ಎಂಥ ಸುಖ ಅಂತ ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಗೊತ್ತಿರೋಳು ಹೇಳ್ತಿದ್ದೀನಿ, ಸುಮ್ನೆ ಇರು. ರೀ, ಎತ್ತಿ."

ಬಡಗಿ ಎತ್ತಿದ. ಒಂದು ಗೇಣು. ಆದರೆ ಅವನೂ ಅವನೇ: ಕಟ್ಟೆಯ ಕೆಳಗೆ, ಅದರ ಉದ್ದಕ್ಕೂ, ಡ್ರಾಯರಿನ ಹಾಗೆ ಜಾರಿ ಹೊರಬರುವ ಒಂದು ಅಗಲವಾದ ಮೆಟ್ಟಿಲು ಕೂರಿಸಿದ. ಎಳೆದರೆ ಹೆಂಡತಿಯ ಎತ್ತರ, ತಳ್ಳಿದರೆ ಸೊಸೆಯ ಎತ್ತರ. ಮಗ ಎರಡು ಸಲ ಎಳೆದು ತಳ್ಳಿ ನೋಡಿ, ಡಿಪೋದವರಿಗೆ ತೋರಿಸಬೇಕು ಎಂದ.

ಆರನೆಯ ವಾರದ ಕೊನೆಗೆ ಡಾಕ್ಟರಮ್ಮನ ಹತ್ತಿರ ಹೋಗುವ ಹಿಂದಿನ ದಿನ ಬೆಳಿಗ್ಗೆ ಸೊಸೆ ಚಹಾದ ಲೋಟ ಎತ್ತಿದವಳು ಹಾ ಎಂದು ಕೆಳಗಿಟ್ಟಳು. ಹೆಬ್ಬೆರಳು, ತೋರುಬೆರಳು ಎರಡನ್ನೂ ಊದಿಕೊಂಡು ನಕ್ಕಳು. ಬಿಸಿ ತಾಗಿತ್ತು. ಮರುದಿನ ಡಾಕ್ಟರಮ್ಮ ಬೆರಳಿಗೆ ಹತ್ತಿ, ಪಿನ್ನು ಎಲ್ಲ ತಾಗಿಸಿ ನೋಡಿ, ಜೋಮು ಪೂರ್ತಿ ಹೋಗಲು ಇನ್ನೂ ತಿಂಗಳುಗಳು ಬೇಕು, ವ್ಯಾಯಾಮ ಬಿಡುವಂತಿಲ್ಲ, ಆದರೆ ಸೂಜಿ ಕೆಳಗಿಡಬೇಕಾಗಿಲ್ಲ ಎಂದಳು. ಟೇಬಲ್ಲು ಎತ್ತರಿಸಿದವರು ಯಾರು ಎಂದು ಕೇಳಿದಳಂತೆ. ಮಗ ಮನೆಗೆ ಬಂದು ಹೇಳಿದಾಗ ಬಡಗಿ ಕೆಮ್ಮಿ ಹೊರಗೆ ಹೋದ. ಸೂಜಿಯಮ್ಮ ಎಲ್ಲರಿಗೂ ಕೇಳುವಂತೆ, ಕಪ್ಪು ಕೋಟಿನ ರಫೂ ನನ್ನಿಂದಲೂ ಆಗದ್ದು, ಅವಳು ಮುಗಿಸಲಿ, ಅವಳ ಕೈಯೇ ಮೇಲು ಎಂದಳು. ಆಮೇಲೆ ಅವಳೇ, ಸಂಜೆಯ ಚಹಾ ನಾನು ಮಾಡುತ್ತೇನೆ ಎಂದು ಎದ್ದಳು.

ಮೆಟ್ಟಿಲು ಎಳೆದು ಹತ್ತಿದಳು. ಒಂದು ಗೇಣು ಮೇಲೇರಿದ್ದೇ ತಡ, ಪಾತ್ರೆ ಕಪಾಟಿನ ನೆತ್ತಿ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಬೆರಳು ದಪ್ಪದ ಧೂಳು, ಜೇಡರ ಬಲೆ, ಸತ್ತ ಒಂದು ಪತಂಗ.

"ಏಣಿ, ಇಲ್ಲಿ ಬಾ. ಏನಿದು? ನಿನ್ನಷ್ಟು ಎತ್ತರ ಇದ್ದಿದ್ರೆ ನಾನು ದಿನಾ ಒರೆಸ್ತಿದ್ದೆ. ಹನ್ನೊಂದು ವರ್ಷ ನಿನ್ನ ಕಣ್ಣಿಗೆ ಬೀಳಲಿಲ್ವಾ?"

"ಮೇಲೆ ನೋಡೋಕೆ ಕತ್ತು ಎಲ್ಲಿ ಎತ್ತೋಕಾಗ್ತಿತ್ತು ಅತ್ತೆ?"

ಸೂಜಿಯಮ್ಮ ಕೈ ಚಾಚಿದಳು. ಸೊಸೆ ಒಂದು ಹಳೆಯ ಬಟ್ಟೆಯನ್ನು ಒದ್ದೆ ಮಾಡಿ, ಬಲಗೈಯಿಂದ ಗಟ್ಟಿಯಾಗಿ ಹಿಂಡಿ ಕೊಟ್ಟಳು. ಅತ್ತೆ ಒಂದೇ ಎಳೆತಕ್ಕೆ ಈ ತುದಿಯಿಂದ ಆ ತುದಿಗೆ ಒರೆಸಿದಳು. ಮೆಟ್ಟಿಲು ಅಲುಗುತ್ತದೋ ಎಂದು ಕೆಳಗೆ ಕೂತು ನೋಡುತ್ತಿದ್ದ ಬಡಗಿಯ ಬೋಳುತಲೆಯ ಮೇಲೆ ಧೂಳು, ಬಲೆ, ಪತಂಗ ಎಲ್ಲ ಒಟ್ಟಿಗೆ ಬಿದ್ದವು. ಅವನು ಜೋರಾಗಿ ಒಂದು ಸೀನು ಸೀನಿದ. ಮೆಟ್ಟಿಲು ಅಲುಗಲಿಲ್ಲ.